ಸಣ್ಣ ಮುತ್ಯಾ ಹೊಡೆದ ರಿವರ್ಸ್

ಮೊಮ್ಮಕ್ಕಳೇ, ಹೋದ ತಿಂಗಳು ನಾನು ವಿಜಯಪುರಕ್ಕೆ ನಿಮ್ಮ ಮನೆಗೆ ಬಂದಿದ್ದಾಗ ನೀವು ಅಣ್ಣ ತಂಗಿ ಟಿವಿ ಮುಂದೆ ಕುಳಿತು ವಾದ ಮಾಡುತ್ತಿದ್ದಿರಿ. ಯಾವುದೋ ಪರದೇಶದ ಕಾರಿನ ರೇಸು. ಕಾರುಗಳು ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುತ್ತಿದ್ದವು. ಅವುಗಳಲ್ಲಿ ಒಂದನ್ನು ಓಡಿಸುವವನಿಗೆ ವಯಸ್ಸಾಗಿದೆಯಂತೆ. ಅಣ್ಣ, ಅವನ ಕಾಲ ಮುಗಿಯಿತು ಎಂದ. ತಂಗಿ, ಇವತ್ತಿಗೂ ಅವನು ಮೊದಲ ಸಾಲಿನವನೇ ಎಂದಳು. ಅಣ್ಣ ಮೊಬೈಲಿನಲ್ಲಿ ಏನೇನೋ ಅಂಕಿ ತೆಗೆದು ತೋರಿಸಿದ. ತಂಗಿ ಅದರ ಕಡೆ ನೋಡದೆ, ಹಾಗಾದರೆ ನಿನ್ನ ಮೊಬೈಲನ್ನೇ ಕಾರಿನಲ್ಲಿ ಕೂರಿಸು ಎಂದಳು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, ಆಯಿ ನೀನೇ ಹೇಳು ಎಂದಿರಿ. ನಾನು ಸೆರಗನ್ನು ಬಾಯಿಗೆ ಹಿಡಿದು ನಕ್ಕು, ಚಹಾ ಉಕ್ಕುತ್ತದೆ ಎಂದು ಒಳಗೆ ಹೋದೆ.

ಒಲೆಯ ಮೇಲೆ ಚಹಾ ಇರಲಿಲ್ಲ. ನನಗೆ ಹೇಳುವುದಿತ್ತು, ಆದರೆ ಅಳಿಯಂದಿರು ಅಲ್ಲೇ ಕುಳಿತಿದ್ದರು, ನನಗೆ ಬಾಯಿ ಬರಲಿಲ್ಲ. ನಾಲ್ಕು ಜನರ ನಡುವೆ ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ತವರೂರು ಬಿಜ್ಜರಗಿಯ ಶಾಲೆಯಲ್ಲಿ ಓದುವಾಗಲೂ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ. ಈಗಲೂ ಹಾಗೆಯೇ ಬರೆದು ತೋರಿಸುತ್ತಿದ್ದೇನೆ ಎಂದುಕೊಳ್ಳಿ. ನೀವು ಕೇಳಿದ ಪ್ರಶ್ನೆಯನ್ನೇ ಈ ಬೇಸಿಗೆಯಿಡೀ ನಮ್ಮೂರು ತಿಕೋಟಾದಲ್ಲಿ ಜನ ಕೇಳುತ್ತಿದ್ದರು. ಅವರು ಕೇಳುತ್ತಿದ್ದದ್ದು ನಿಮ್ಮ ಸಣ್ಣ ಮುತ್ಯಾನ ಬಗ್ಗೆ.

ಸಣ್ಣ ಮುತ್ಯಾ ಎಂದರೆ ನಿಮಗೆ ದ್ರಾಕ್ಷಿ ಬಾಕ್ಸು ಹೊತ್ತು ತಂದು ನಿಮ್ಮ ಮನೆ ಬಾಗಿಲಲ್ಲಿ ಇಟ್ಟು, ಒಳಗೆ ಬರದೆ ಚಪ್ಪಲಿ ಮೇಲೆಯೇ ನಿಂತು ಹೋಗುವ ಮನುಷ್ಯ. ನಿಮ್ಮ ಮುತ್ಯಾನ ತಮ್ಮ, ನನ್ನ ಮೈದುನ. ನಿಮ್ಮ ಮುತ್ಯಾ ತೀರಿಕೊಂಡ ಮೇಲೂ ನಾನು, ಅವರು, ಅವರ ಹೆಂಡತಿ ನಿಮ್ಮ ಸಣ್ಣ ಆಯಿ, ಒಂದೇ ಒಲೆಯಲ್ಲಿ ಉಣ್ಣುತ್ತೇವೆ. ಅವರು ಟ್ರ್ಯಾಕ್ಟರ್ ಹೊಡೆಯುತ್ತಾರೆ ಎಂಬುದು ನಿಮಗೆ ಗೊತ್ತು. ರಿವರ್ಸ್ ಹೊಡೆಯುತ್ತಾರೆ ಎಂಬುದು ಗೊತ್ತಿರಲಿಕ್ಕಿಲ್ಲ.

ನಮ್ಮ ಕಡೆ ಟ್ರ್ಯಾಕ್ಟರಿನ ಮುಂದಿನ ಭಾಗವನ್ನು ಇಂಜಿನ್ ಎನ್ನುತ್ತೇವೆ, ಹಿಂದೆ ಕಬ್ಬು, ಗೊಬ್ಬರ, ಹೆಣ್ಣುಮಕ್ಕಳು ಎಲ್ಲರನ್ನೂ ತುಂಬುವುದನ್ನು ಡಬ್ಬಿ ಎನ್ನುತ್ತೇವೆ. ರಿವರ್ಸ್ ಶರ್ಯತ್ತಿನಲ್ಲಿ, ಅಂದರೆ ಪಂದ್ಯದಲ್ಲಿ, ಇಂಜಿನ್ನಿಗೆ ಡಬ್ಬಿ ಕಟ್ಟಿ ಎರಡು ಸುಣ್ಣದ ಗೆರೆಗಳ ನಡುವೆ ಹಿಂದಕ್ಕೆ ಓಡಿಸಬೇಕು. ಬೇಗ ಕೊನೆ ಮುಟ್ಟಿದವರು ಗೆದ್ದಂತೆ, ಗಾಲಿ ಸುಣ್ಣ ಮುಟ್ಟಿದರೆ ಆಟ ಮುಗಿಯಿತು. ಕೇಳಲು ಸುಲಭ. ಆದರೆ ಸ್ಟೇರಿಂಗ್ ಎಡಕ್ಕೆ ತಿರುವಿದರೆ ಡಬ್ಬಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುವಿದರೆ ಎಡಕ್ಕೆ. ಸ್ವಲ್ಪ ಹೆಚ್ಚಾದರೆ ಡಬ್ಬಿ ಮೊಣಕೈಯಂತೆ ಮಡಚಿಕೊಂಡು ಇಂಜಿನ್ನಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ. ನಿಮ್ಮ ಅಪ್ಪ ಒಮ್ಮೆ ನಮ್ಮ ಹೊಲದಲ್ಲಿ ಪ್ರಯತ್ನಿಸಿ ಡಬ್ಬಿಯನ್ನು ಬೇವಿನ ಮರಕ್ಕೆ ಒರಗಿಸಿ ಇಳಿದು ಬಂದಿದ್ದರು. ಇದನ್ನು ನಾನು ಹೇಳಿದೆ ಎಂದು ಅವರಿಗೆ ಹೇಳಬೇಡಿ.

ಸಣ್ಣ ಮುತ್ಯಾ ಸುತ್ತಲಿನ ಊರುಗಳಲ್ಲೆಲ್ಲ ರಿವರ್ಸ್ ಹೊಡೆದಿದ್ದಾರೆ. ನಿಮ್ಮ ಮುತ್ಯಾ ಬದುಕಿರುವವರೆಗೆ ತಮ್ಮನ ಜೊತೆ ಹೋಗಿ, ಬಂದು, ಕೈಕಾಲು ತೊಳೆಯುವ ಮೊದಲೇ ನನಗೆ ಎಲ್ಲವನ್ನೂ ಹೇಳುತ್ತಿದ್ದರು. ನಾನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಅಷ್ಟು ಗಂಡಸರು ಸೇರುವ ಬಯಲಿಗೆ ಹೋಗಿ ನಿಲ್ಲಲು ನನಗೇ ಕಾಲು ಬರುತ್ತಿರಲಿಲ್ಲ. ಅವರ ಅಂಗಿಯ ಮೇಲಿನ ಧೂಳನ್ನು ತೊಳೆದಿದ್ದೆ, ಗೆದ್ದು ತಂದ ಟವೆಲುಗಳನ್ನು ಮಡಚಿ ಇಟ್ಟಿದ್ದೆ, ಅಷ್ಟೇ.

ನಮ್ಮ ಸ್ವಂತ ಇಂಜಿನ್ ಹಳೆಯದು. ಗೊಬ್ಬರ ಹೊರುತ್ತದೆ, ಶರ್ಯತ್ತಿಗೆ ಸಲ್ಲದು. ಅವರು ಶರ್ಯತ್ತಿನಲ್ಲಿ ಹೊಡೆಯುವುದು ಬಬಲೇಶ್ವರದ ಒಬ್ಬ ಸಾವ್ಕಾರರ ಇಂಜಿನ್ನು. ದೊಡ್ಡ ದ್ರಾಕ್ಷಿ ತೋಟದವರು, ತಮ್ಮ ಇಂಜಿನ್ನು ಗೆಲ್ಲಬೇಕೆಂಬ ಹುಚ್ಚು ಇರುವವರು. ಬಹಳ ವರ್ಷಗಳಿಂದ ಆ ಇಂಜಿನ್ನಿನ ಮೇಲೆ ಸಣ್ಣ ಮುತ್ಯಾನೇ ಕೂಡುವುದು. ಈ ವರ್ಷ ಆ ಜಾಗಕ್ಕೆ ಕನಮಡಿಯ ಡ್ರೈವರ್ ಒಬ್ಬನ ಹೆಸರು ಕೇಳಿಬಂತು. ಅವನೇನು ಹೊರಗಿನವನಲ್ಲ. ನಮ್ಮ ಹೊಲದಲ್ಲಿಯೇ ಸಣ್ಣ ಮುತ್ಯಾನಿಂದ ರಿವರ್ಸ್ ಕಲಿತವನು, ನಾನು ಬಡಿದ ರೊಟ್ಟಿ ಉಂಡವನು. ಈಗ ಅವನಿಗೆ ಇಬ್ಬರು ಮಕ್ಕಳು. ಕೈ ಬಹಳ ಚುರುಕು. ಆ ಸೀಟು ಅವನಿಗೆ ಹೋದರೆ ಸಣ್ಣ ಮುತ್ಯಾನಿಗೆ ಬೇರೆ ಯಾರೂ ಇಂಜಿನ್ ಕೊಡುವುದಿಲ್ಲ ಎಂಬುದು ನಮಗೆ ಗೊತ್ತಿತ್ತು. ಆ ವಯಸ್ಸಿನವರನ್ನು ಹೊಸದಾಗಿ ಯಾರು ಕರೆಯುತ್ತಾರೆ? ಅಲ್ಲಿಗೆ ಅವರ ಶರ್ಯತ್ತು ಮುಗಿದಂತೆಯೇ.

ಹೀಗಾಗಿ ವಾದ ಶುರುವಾಯಿತು. ಬೇಸಿಗೆಯಲ್ಲಿ ನಾವು ಹೆಂಗಸರು ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ ಆರಿಸಲು ಹೋಗುತ್ತೇವೆ. ಶೆಡ್ಡಿನ ಗೋಡೆ ಎಂದರೆ ಹಸಿರು ಬಲೆ. ಆಚೆ ತೂಕಕ್ಕೆ ಕಾಯುವ ಗಂಡಸರು ಆಡುವುದೆಲ್ಲ ಈಚೆ ಕೇಳುತ್ತದೆ. ಅವರು ದಿನವೂ ಇದನ್ನೇ ಆಡುತ್ತಿದ್ದರು. ಒಬ್ಬರು, ಹೋದ ವರ್ಷ ಗೆರೆ ಮುಟ್ಟಲಿಲ್ಲ ಅಷ್ಟೇ, ಓಟ ಕಡಿಮೆಯಾಗಿತ್ತು ಎನ್ನುವರು. ಇನ್ನೊಬ್ಬರು, ಆ ಓಟವನ್ನೂ ಹೊಡೆಯುವವರನ್ನು ತೋರಿಸು ಎನ್ನುವರು. ಇನ್ನೂ ಒಂದು ಮಾತಿತ್ತು, ಅದು ನಮಗೆ, ಮನೆಯ ಹೆಂಗಸರಿಗೆ, ನಾಟುತ್ತಿತ್ತು. ಸಣ್ಣ ಮುತ್ಯಾನಿಗೆ ಸೊಕ್ಕು ಬಂದಿದೆಯಂತೆ. ರಸ್ತೆಯಲ್ಲಿ ಹಿಂದಿನಿಂದ ಕೂಗಿದರೆ ತಿರುಗಿ ನೋಡುವುದಿಲ್ಲವಂತೆ.

ಸೊಕ್ಕಲ್ಲ ಅದು. ಅವರ ಕುತ್ತಿಗೆ ತಿರುಗುತ್ತಿರಲಿಲ್ಲ. ವರ್ಷಗಟ್ಟಲೆ ಹಿಂದೆ ನೋಡಿ ನೋಡಿ ಕುತ್ತಿಗೆಯ ಎಲುಬು ಸವೆದಿದೆ ಎಂದು ವಿಜಯಪುರದ ಡಾಕ್ಟರರು ಹೇಳಿ, ಕಟ್ಟಿಕೊಳ್ಳಲು ಒಂದು ಪಟ್ಟಿ ಕೊಟ್ಟಿದ್ದರು. ಅವರು ಅದನ್ನು ಕಟ್ಟಿಕೊಳ್ಳಲೂ ಇಲ್ಲ, ಊರಿನಲ್ಲಿ ಯಾರಿಗೂ ಹೇಳಲೂ ಇಲ್ಲ. ನಾನು ಚಹಾ ಕೊಡುವಾಗ ಸುತ್ತಿ ಬಂದು ಅವರ ಎದುರಿಗೆ ನಿಂತು ಕೊಡುವುದನ್ನು ರೂಢಿ ಮಾಡಿಕೊಂಡಿದ್ದೆ. ರಿವರ್ಸ್ ಹೊಡೆಯುವವನಿಗೆ ಹಿಂದೆ ತಿರುಗಲು ಬಾರದಿದ್ದರೆ ಉಳಿದದ್ದೇನು ಎಂದು ನನಗೂ ಅನ್ನಿಸಿತ್ತು, ಬಾಯಿ ಬಿಟ್ಟು ಅಂದಿರಲಿಲ್ಲ.

ಒಂದು ದಿನ ಬಲೆಯ ಆಚೆ ಯಾರೋ ದೊಡ್ಡವರು, ಸಣ್ಣ ಮುತ್ಯಾನ ಪರವಾಗಿಯೇ, "ಏನರೆ ಅನ್ರಿ, ಅಂವ ಹಿಂದ ಭಾಳ ಚಲೋ ಹೊಡೀತಿದ್ದ" ಎಂದರು.

ನಿಮ್ಮ ಸಣ್ಣ ಆಯಿಗೆ ನನ್ನಂತೆ ನಾಚಿಕೆ ಇಲ್ಲ. ಕೈಯಲ್ಲಿನ ಜರಡಿಯನ್ನು ಕೆಳಗಿಟ್ಟು ಬಲೆಗೆ ಮುಖ ಹಚ್ಚಿ ಹೇಳಿದಳು: "ಈಗೂ ಹಿಂದಽ ಹೊಡೀತಾರ್ರಿ ಯಪ್ಪಾ. ಮುಂದ ಹೊಡ್ಯಾಕ ನೀವೆಲ್ಲಾ ಅದೀರಲ್ಲ."

ಆಚೆ ಈಚೆ ಎರಡೂ ಕಡೆ ನಗು. ತಕ್ಕಡಿಯವನು ಕೂಡ ತೂಕ ಬಿಟ್ಟು ನಕ್ಕನಂತೆ. ಆದರೆ ಮನೆಗೆ ಬರುವಾಗ ದಾರಿಯಲ್ಲಿ ಅವಳು ನಗಲಿಲ್ಲ. ಸಾವ್ಕಾರರು ಇನ್ನೂ ಕರೆದಿರಲಿಲ್ಲ. ಪ್ರತಿ ವರ್ಷ ಅಷ್ಟೊತ್ತಿಗೆ ಕರೆ ಬಂದಿರುತ್ತಿತ್ತು.

ಕರೆ ಬಂದದ್ದು ಶರ್ಯತ್ತು ಹತ್ತಿರ ಬಂದಾಗ. ಸಣ್ಣ ಮುತ್ಯಾ ತೋಟದಲ್ಲಿದ್ದರು. ಸಣ್ಣ ಆಯಿಯ ಕೈಗೆ ಹಿಟ್ಟು ಹತ್ತಿತ್ತು, ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲೆ ಇಟ್ಟಳು. ಸಾವ್ಕಾರರ ಧ್ವನಿ ಅಡಿಗೆ ಮನೆಯಿಡೀ ಕೇಳಿತು. ಎಲ್ಲರನ್ನೂ ವಿಚಾರಿಸಿದರು, ದ್ರಾಕ್ಷಿ ಹೇಗೆ ಹೋಯಿತು ಎಂದು ಕೇಳಿದರು, ಆಮೇಲೆ ಹೇಳಿದರು: "ಈ ಸಲ ನಿಮ್ಮವರು ಮುಂದ ಕೂಡ್ರಬೇಕು ನೋಡ್ರಿ. ಮಂದಿ ಎಲ್ಲಾ ಬರ್ತಾರ. ತಪ್ಪಸಬ್ಯಾಡ್ರಿ ಅಂತ ಹೇಳ್ರಿ."

ಟ್ರ್ಯಾಕ್ಟರಿನ ಮನೆಯಲ್ಲಿ ಮುಂದೆ ಕೂಡುವುದು ಎಂದರೆ ಒಂದೇ ಅರ್ಥ. ಜನ ಹಿಂದೆ ಡಬ್ಬಿಯಲ್ಲಿ ಕೂಡುತ್ತಾರೆ, ಡ್ರೈವರ್ ಮುಂದೆ ಕೂಡುತ್ತಾನೆ. ಸಣ್ಣ ಆಯಿ ಹಿಟ್ಟಿನ ಕೈಯನ್ನೇ ಎತ್ತಿ ದೇವರ ಜಗುಲಿಗೆ ಮುಗಿದಳು. ನನಗೂ ಹೊಟ್ಟೆ ತಣ್ಣಗಾಯಿತು. ಸಂಜೆ ಸಣ್ಣ ಮುತ್ಯಾ ಬಂದಾಗ ನಾವು ಹೇಳಿದ್ದನ್ನು ಕೇಳಿ, ಉಂಡು, ಎದ್ದು ಹೋಗಿ ನಮ್ಮ ಹಳೆಯ ಇಂಜಿನ್ನಿಗೆ ಡಬ್ಬಿ ಕಟ್ಟಿದರು.

ಮರುದಿನದಿಂದ ಅವರು ಶೆಡ್ಡಿನ ಹಿಂದಿನ ಖಾಲಿ ಹೊಲದಲ್ಲಿ ರೂಢಿ ಮಾಡತೊಡಗಿದರು. ನಾನು ಹಿತ್ತಿಲಿನಿಂದ ನೋಡಿದೆ. ಮೊದಲು ನನಗೆ ತಿಳಿಯಲಿಲ್ಲ, ಏನೋ ಸರಿಯಿಲ್ಲ ಅನ್ನಿಸಿತು ಅಷ್ಟೇ. ಆಮೇಲೆ ತಿಳಿಯಿತು. ಇಂಜಿನ್ ಹಿಂದಕ್ಕೆ ಹೋಗುತ್ತಿದೆ, ಅವರು ಮುಂದಕ್ಕೆ ನೋಡುತ್ತಿದ್ದಾರೆ. ಡಬ್ಬಿಯ ಕಡೆ ಕಣ್ಣೇ ಇಲ್ಲ.

ಚಹಾ ತೆಗೆದುಕೊಂಡು ಹೋದಾಗ ತಡೆಯಲಾರದೆ ಕೇಳಿದೆ, ನೋಡದೆ ಹೇಗೆ ಹೊಡೆಯುತ್ತೀ ಎಂದು. ಅವರು ಬಶಿಯಲ್ಲಿ ಚಹಾ ಆರಿಸಿದರು.

"ನೀವು ರೊಟ್ಟಿ ಬಡಿಯೂವಾಗ ಕೈ ನೋಡ್ತೀರೇನ್ರಿ ವೈನಿ? ಒಲಿ ನೋಡ್ತೀರಿ" ಎಂದರು. "ಡಬ್ಬಿ ಸರಿಯೂಕಿಂತ ಮೊದಲ ಕೊಂಡಿ ಜಗ್ಗತೈತಿ. ಅದು ಸೀಟಿಗೆ ಬರತೈತಿ, ಸೀಟಿನಿಂದ ಸೊಂಟಕ್ಕ ಬರತೈತಿ. ಕಣ್ಣಿಗೆ ಕಾಣೂದು ಆಮ್ಯಾಲ. ಇಷ್ಟು ವರ್ಷ ಕಣ್ಣಿನ ಮಾತು ಕೇಳಿ ತಡಾ ಮಾಡ್ಕೋತ ಬಂದ್ನಿ ಅನಸ್ತೈತಿ."

ಕೊಂಡಿ ಎಂದರೆ ಇಂಜಿನ್ನಿಗೂ ಡಬ್ಬಿಗೂ ನಡುವಿನ ಕಬ್ಬಿಣದ ಗಂಟು. ಅದರ ಜಗ್ಗು ಮನುಷ್ಯನ ಸೊಂಟಕ್ಕೆ ತಿಳಿಯುತ್ತದೆ ಎಂದು ನಾನು ಕೇಳಿದ್ದು ಅದೇ ಮೊದಲು. ಕುತ್ತಿಗೆ ಹೋದ ಮೇಲೆ ಅವರು ಒಬ್ಬರೇ, ಯಾರಿಗೂ ಹೇಳದೆ, ಇದನ್ನು ಕಂಡುಕೊಂಡಿದ್ದರು. ಬಶಿ ಕೊಡುತ್ತಾ ಅವರು, ಈ ಸಲ ನೀವೂ ಬರ್ರಿ ವೈನಿ, ಅಣ್ಣ ಇದ್ದರೆ ಕರೆದುಕೊಂಡು ಬರುತ್ತಿದ್ದ ಎಂದರು. ನಿಮ್ಮ ಮುತ್ಯಾ ನನ್ನನ್ನು ಎಷ್ಟೋ ಸಲ ಕರೆದಿದ್ದರು, ನಾನು ಹೋಗಿರಲಿಲ್ಲ. ಆದರೆ ಅವತ್ತು ಬರುತ್ತೇನೆ ಎಂದುಬಿಟ್ಟೆ.

ಶರ್ಯತ್ತಿನ ದಿನ ನಾವು ಮೂವರೂ ಟಂಟಂ ಆಟೋ ಹತ್ತಿ ಬಬಲೇಶ್ವರಕ್ಕೆ ಹೋದೆವು. ಸಣ್ಣ ಮುತ್ಯಾ ಅವತ್ತು ಧೋತರ ಬಿಟ್ಟು ಪ್ಯಾಂಟು ಹಾಕಿದ್ದರು, ಕಾಲಿಗೆ ಹಳೆಯ ಕ್ಯಾನ್ವಾಸ್ ಬೂಟು. ಕಬ್ಬು ಕಡಿದು ಹಸನು ಮಾಡಿದ ದೊಡ್ಡ ಹೊಲ. ಎರೆ ಮಣ್ಣನ್ನು ಹಲಗೆ ಎಳೆದು ಸಮ ಮಾಡಿ, ಸುಣ್ಣದಲ್ಲಿ ಪಕ್ಕಪಕ್ಕದಲ್ಲಿ ಎರಡು ಓಣಿ ಬರೆದಿದ್ದರು. ಸುತ್ತ ಎಷ್ಟು ಜನವೆಂದರೆ ಹೊಲದ ಬದುವೇ ಕಾಣುತ್ತಿರಲಿಲ್ಲ. ಹೆಂಗಸರಿಗೆಂದು ಒಂದು ಖಾಲಿ ಡಬ್ಬಿಯನ್ನು ಓಣಿಗಳ ಆರಂಭದಲ್ಲಿ ನಿಲ್ಲಿಸಿದ್ದರು. ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹತ್ತಿ ಮೂಲೆ ಹಿಡಿದೆ.

ಪೆಂಡಾಲಿನ ಕೆಳಗೆ ಸಾಲಾಗಿ ಕುರ್ಚಿ. ಮುಂದಿನ ಸಾಲಿನ ನಡುವೆ ಒಂದು ಕುರ್ಚಿಗೆ ಹೊಸ ಬಟ್ಟೆ ಹೊದಿಸಿದ್ದರು, ಪಕ್ಕದ ಸ್ಟೂಲಿನ ಮೇಲೆ ತಾಟಿನಲ್ಲಿ ಶಾಲು, ತೆಂಗಿನಕಾಯಿ. ಸಾವ್ಕಾರರು ಎರಡೂ ಕೈ ಜೋಡಿಸಿಕೊಂಡು ಬಂದು ಸಣ್ಣ ಮುತ್ಯಾನಿಗೆ ಆ ಕುರ್ಚಿ ತೋರಿಸಿದರು. ಇವರು ನಕ್ಕು, ನಮಸ್ಕಾರ ಮಾಡಿ, ಕುರ್ಚಿಯನ್ನು ದಾಟಿ ನೇರವಾಗಿ ಇಂಜಿನ್ನಿನ ಕಡೆ ನಡೆದರು. ಅಲ್ಲಿ ಸೀಟಿನ ಮೇಲೆ ಕನಮಡಿಯವನು ಆಗಲೇ ಕುಳಿತಿದ್ದ.

ಆ ಕ್ಷಣದಲ್ಲಿ ನನಗೂ ಸಣ್ಣ ಆಯಿಗೂ ಒಟ್ಟಿಗೇ ತಿಳಿಯಿತು. ಅವಳು ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಮುಂದೆ ಕೂಡುವುದು ಎಂದರೆ ಹಿರಿಯರ ಸಾಲಿನಲ್ಲಿ, ಶಾಲು ಹೊದ್ದುಕೊಂಡು, ಬೇರೆಯವರು ಹೊಡೆಯುವುದನ್ನು ನೋಡುತ್ತಾ ಕೂಡುವುದು. ಸಾವ್ಕಾರರು ಮರ್ಯಾದೆ ಮಾಡಲು ಕರೆದಿದ್ದರು. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಅವರು ಹಿಂದೆಯೇ ಬಂದು, ಮೆಲ್ಲಗೆ, "ನಾ ಮುಂದ ಅಂದಿದ್ದು ಖುರ್ಚಿ ಮ್ಯಾಲರಿ" ಎಂದರು.

"ನನಗ ಮುಂದ ಅಂದ್ರ ಒಂದಽ ಖುರ್ಚಿ ಗೊತ್ತರಿ ಸಾವ್ಕಾರ್ರ" ಎಂದರು ಸಣ್ಣ ಮುತ್ಯಾ, ಇಂಜಿನ್ನಿನ ಸೀಟು ನೋಡುತ್ತಾ.

ಕನಮಡಿಯವನು ಗಡಬಡಿಸಿ ಇಳಿಯತೊಡಗಿದ. ಸಣ್ಣ ಮುತ್ಯಾ ಹೊಡೆಯಲೆಂದೇ ಬಂದಿದ್ದಾರೆ ಎಂದು ಅವನಿಗೂ ಗೊತ್ತಿರಲಿಲ್ಲ ಎಂಬುದು ಅವನ ಮುಖದಲ್ಲೇ ಇತ್ತು. ಕಾಕಾ ನೀವೇ ಹೊಡೆಯಿರಿ ಎಂದ. ಇವರು ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಮತ್ತೆ ಕೂರಿಸಿದರು. "ಇಳಿಬ್ಯಾಡ ಲೇ. ನಿನಗ ಹೇಳ್ಯಾರ, ನೀ ಹೊಡಿ."

ಹಾಗೆ ಹೇಳಿ ಹಿಂದಕ್ಕೆ ಬರಬೇಕಿತ್ತು. ಬರಲಿಲ್ಲ. ಇಂಜಿನ್ನಿನ ದೊಡ್ಡ ಗಾಲಿಗೆ ಅಂಗೈ ಆನಿಸಿ ನಿಂತೇ ಇದ್ದರು. ಜನರಲ್ಲಿ ಗುಜುಗುಜು ಎದ್ದಿತು. ಶೆಡ್ಡಿನಲ್ಲಿ ಬೇಸಿಗೆಯಿಡೀ ಕೇಳಿದ ವಾದವೇ ಇಲ್ಲಿ ದೊಡ್ಡದಾಗಿ ಕೇಳಿಸಿತು. ಅವರ ಕಾಲ ಆಯಿತು ಎಂದು ಒಬ್ಬರು, ಹೊಡೆಯಲಿ ಬಿಡಿ ಎಂದು ಇನ್ನೊಬ್ಬರು. ಕೊನೆಗೆ ಶರ್ಯತ್ತು ನಡೆಸುವ ಮಂಡಳಿಯ ಹಿರಿಯರೊಬ್ಬರು ಮೈಕಿನಲ್ಲಿ ಹೇಳಿದರು: ಇಂಜಿನ್ ಒಂದೇ, ಡಬ್ಬಿ ಒಂದೇ, ಒಬ್ಬರಾದ ಮೇಲೆ ಒಬ್ಬರು ಹೊಡೆಯಲಿ, ಯಾರು ಬೇಗ ಮುಟ್ಟುತ್ತಾರೋ ಇನ್ನು ಮೇಲೆ ಇಂಜಿನ್ನಿನ ಸೀಟು ಅವರದು. ಸಾವ್ಕಾರರು ಕೂಡಲೇ ಒಪ್ಪಿ ಮಾತು ಕೊಟ್ಟರು. ಅವರಿಗೂ ಉಸಿರು ಬಂದಂತಾಯಿತು. ನಮಗೆ ಉಸಿರು ಹೋಯಿತು. ಈ ಕುತ್ತಿಗೆಯಲ್ಲಿ, ಇಷ್ಟು ಜನರ ಎದುರು ಸೋತು ಸೀಟು ಬಿಡುವುದಕ್ಕಿಂತ ಆ ಶಾಲಿನ ಕುರ್ಚಿಯೇ ಮೇಲಾಗಿತ್ತೇನೋ ಎಂದು ಸಣ್ಣ ಆಯಿ ನನ್ನ ಕಿವಿಯಲ್ಲಿ ಹೇಳಿದಳು.

ಮೊದಲು ಕನಮಡಿಯವನು ಎಡಗಡೆಯ ಓಣಿಯಲ್ಲಿ ಹೊಡೆದ. ಸೊಂಟದಿಂದ ಮೇಲಿನ ಮೈಯನ್ನು ಪೂರಾ ಹಿಂದಕ್ಕೆ ತಿರುವಿ, ಒಂದು ಕೈಯಲ್ಲಿ ಗಾಲಿಯ ಮೇಲಿನ ತಗಡು ಹಿಡಿದು, ಇನ್ನೊಂದು ಕೈಯಲ್ಲಿ ಸ್ಟೇರಿಂಗ್ ತಿರುವುತ್ತಾ ಹೋದ. ನಮಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಎಷ್ಟು ಜೋರು! ಡಬ್ಬಿ ಸ್ವಲ್ಪ ಎಡಕ್ಕೆ ಹೋಗುತ್ತಿತ್ತು, ಅವನು ಹಿಡಿಯುತ್ತಿದ್ದ. ಬಲಕ್ಕೆ ಹೋಗುತ್ತಿತ್ತು, ಹಿಡಿಯುತ್ತಿದ್ದ. ಸುಣ್ಣ ಮುಟ್ಟಲಿಲ್ಲ. ಧೂಳು ಕೂಡುವ ಮೊದಲೇ ಕೊನೆ ಮುಟ್ಟಿದ್ದ. ಜನ ಸೀಟಿ ಹೊಡೆದರು. ನಾನೂ ಮನಸ್ಸಿನಲ್ಲಿ ಭಲೇ ಎಂದೆ.

ಇಂಜಿನ್ನನ್ನು ಮತ್ತೆ ತಂದು ಬಲಗಡೆಯ ಓಣಿಗೆ ಹಚ್ಚಿದರು. ಸಣ್ಣ ಮುತ್ಯಾ ನಿಧಾನವಾಗಿ ಹತ್ತಿದರು. ಸೀಟಿನ ಮೇಲೆ ಹಾಸಿದ್ದ ಮೆತ್ತೆಯನ್ನು ತೆಗೆದು ಕೆಳಗೆ ಕೊಟ್ಟು, ಬರಿಯ ಕಬ್ಬಿಣದ ಮೇಲೆ ಕುಳಿತರು. ಯಾಕೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು. ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲೆ ಇಟ್ಟು ಮುಂದೆ ನೋಡಿದರು. ಮುಂದೆ ಇದ್ದವರು ನಾವು.

ಮಕ್ಕಳೇ, ನಾನು ಕಂಡದ್ದನ್ನು ಸರಿಯಾಗಿ ಹೇಳಲು ನನಗೆ ಬರುತ್ತದೋ ಇಲ್ಲವೋ. ನಿಶಾನೆ ಬಿತ್ತು. ಇಂಜಿನ್ ಗುಡುಗಿತು. ಮತ್ತು ಅವರು ನಮ್ಮ ಮುಖ ನೋಡುತ್ತಲೇ ನಮ್ಮಿಂದ ದೂರ ಹೋಗತೊಡಗಿದರು. ಬೇರೆ ಯಾವ ಡ್ರೈವರನ ಮುಖವೂ ಅವತ್ತು ನಮಗೆ ಕಾಣಲಿಲ್ಲ. ಇವರ ಮುಖ ಕಾಣುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ. ಊಟವಾದ ಮೇಲೆ ಹೊರಸಿನ ಮೇಲೆ ಕುಳಿತು ರೇಡಿಯೋ ಕೇಳುವವರ ಮುಖದಂತೆ ಇತ್ತು, ಎಲ್ಲೋ ಬಹಳ ಸಣ್ಣ ಸದ್ದನ್ನು ಕೇಳುತ್ತಿರುವವರಂತೆ. ಕೈಗಳು ಮಾತ್ರ ಸ್ಟೇರಿಂಗಿನ ಮೇಲೆ ತುಸು ತುಸು ಅಲ್ಲಾಡುತ್ತಿದ್ದವು, ತೊಟ್ಟಿಲ ಹಗ್ಗ ಹಿಡಿದ ಹಾಗೆ.

ಜನ ಗಾಬರಿಯಾದರು. ಹಿಂದೆ ನೋಡು, ಹಿಂದೆ ನೋಡು ಎಂದು ಎರಡೂ ಬದಿಯಿಂದ ಕೂಗಿದರು. ಬದುವಿನ ಹತ್ತಿರ ನಿಂತವರು ಡಬ್ಬಿ ತಮ್ಮ ಮೇಲೆಯೇ ಬರುತ್ತದೆಂದು ಸರಿದರು. ಅದು ಬರಲಿಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಇಂಜಿನ್ನೂ ಡಬ್ಬಿಯೂ ಎರಡು ಎಂಬುದೇ ಮರೆತುಹೋಗುವ ಹಾಗೆ, ಒಂದೇ ತುಂಡು ಕಬ್ಬಿಣದ ಹಾಗೆ ಹೋಗುತ್ತಿತ್ತು. ಕೂಗು ಕಡಿಮೆಯಾಯಿತು. ನಡುದಾರಿಗೆ ಬರುವಷ್ಟರಲ್ಲಿ ಇಂಜಿನ್ನಿನ ಸದ್ದು ಬಿಟ್ಟರೆ ಹೊಲದಲ್ಲಿ ಬೇರೆ ಸದ್ದಿರಲಿಲ್ಲ.

ಸಣ್ಣ ಆಯಿ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದಿದ್ದಳು. ಬಳೆ ಚುಚ್ಚುವಷ್ಟು. "ಹೆಂಗ ಹೊಂಟೈತಿ ಅಕ್ಕಾ?" ಎಂದಳು.

"ನೆಟ್ಟಗ ಹೊಂಟೈತಿ" ಎಂದೆ. ಅವಳು ಮತ್ತೆ ಕೇಳಿದಳು. "ನೆಟ್ಟಗ ಹೊಂಟೈತಿ ಬೇ. ದಾರಾ ಹಿಡದಂಗ ಹೊಂಟೈತಿ."

ನಾನು ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡಿದ್ದೆ. ಡಬ್ಬಿಯ ಕೆಳಗೆ ನಿಂತಿದ್ದ ಗಂಡಸರೆಲ್ಲ ತಲೆ ಎತ್ತಿ ನನ್ನ ಕಡೆ ನೋಡಿದಾಗ ತಿಳಿಯಿತು, ನಾನು ಆ ನಿಶ್ಶಬ್ದದಲ್ಲಿ ಕೂಗುತ್ತಿದ್ದೆ. ನನಗೆ ನಾಚಿಕೆಯಾಗಲಿಲ್ಲ. ಅವತ್ತು ಯಾಕೆ ಆಗಲಿಲ್ಲವೋ.

ಅವರು ಕೊನೆ ಮುಟ್ಟಿದರು. ಟೈಮ್ ನೋಡುವವರು ಮೊಬೈಲುಗಳನ್ನು ಒಂದರ ಪಕ್ಕ ಒಂದು ಹಿಡಿದು ಬಹಳ ಹೊತ್ತು ಬಗ್ಗಿ ನೋಡಿದರು. ಮೈಕಿನವರು ಹೇಳಿದರು: ಕನಮಡಿಯವನದು ಬೇಗ. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು ಬೇಗ. ಆದರೂ ಬೇಗ.

ಸಣ್ಣ ಆಯಿ ನನ್ನ ಕೈ ಬಿಟ್ಟಳು. ಸೀಟು ಹೋಯಿತು ಎಂದು ಇಬ್ಬರಿಗೂ ತಿಳಿಯಿತು.

ಮುಂದಿನ ಜೋಡಿಗಾಗಿ ಹಲಗೆ ಎಳೆಯುವವರು ಓಣಿಗೆ ಇಳಿದಿದ್ದರು. ಆಗ ಕನಮಡಿಯವನು ಕೈ ಎತ್ತಿಕೊಂಡು ಓಡಿಬಂದು ಅವರನ್ನು ತಡೆದ. ತಾನು ಗೆದ್ದದ್ದು ಅವನ ಕಿವಿಗೆ ಬಿದ್ದಂತೆಯೇ ಇರಲಿಲ್ಲ. ಎರಡೂ ಓಣಿಗಳ ನಡುವೆ ತಲೆ ಬಗ್ಗಿಸಿಕೊಂಡು ನಡೆಯುತ್ತಾ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೆಲ ನೋಡಿದ. ಸ್ವಲ್ಪ ದೂರ ಹೋಗಿ ಕುಕ್ಕರಗಾಲಲ್ಲಿ ಕುಳಿತ. ಎಲ್ಲರನ್ನೂ ಕೈ ಬೀಸಿ ಕರೆದ. ಸಾವ್ಕಾರರು ಹೋದರು, ಮಂಡಳಿಯವರು ಹೋದರು, ಸುತ್ತಲಿನ ಜನವೆಲ್ಲ ಹೋಯಿತು. ನಾನೂ ಸಣ್ಣ ಆಯಿಯೂ ಡಬ್ಬಿಯಿಂದ ಇಳಿದೆವು. ಗಂಡಸರ ನಡುವೆ ದಾರಿ ಮಾಡಿಕೊಂಡು ಹೋದೆ ಎಂದರೆ ನಿಮ್ಮ ಅವ್ವ ನಂಬುವುದಿಲ್ಲ.

ಎಡಗಡೆಯ ಓಣಿಯಲ್ಲಿ ಇಂಜಿನ್ನಿನ ಗಾಲಿಯ ಗುರುತು, ಡಬ್ಬಿಯ ಗಾಲಿಯ ಗುರುತು ಒಂದರ ಒಳಗೊಂದು ಹೊಕ್ಕು ಹೊರಟು, ಹೆಣೆದ ಜಡೆಯಂತೆ ಇದ್ದವು. ಬಲಗಡೆಯಲ್ಲಿ ಡಬ್ಬಿಯ ಗುರುತೇ ಇರಲಿಲ್ಲ. ಇಂಜಿನ್ನಿನ ದೊಡ್ಡ ಗಾಲಿ ಅದರ ಮೇಲೆಯೇ ಹೋಗಿ ಅದನ್ನು ಪೂರಾ ಮುಚ್ಚಿತ್ತು. ಈ ತುದಿಯಿಂದ ಆ ತುದಿಯವರೆಗೆ ಎರಡೇ ಪಟ್ಟಿ, ಎರೆ ಮಣ್ಣಿನಲ್ಲಿ ಅಚ್ಚು ಒತ್ತಿದ ಹಾಗೆ. ಡಬ್ಬಿ ಇಲ್ಲದೆ ಬರಿಯ ಇಂಜಿನ್ ಹೋಗಿದೆಯೇನೋ ಎನ್ನುವ ಹಾಗೆ. ಒಬ್ಬ ಮುದುಕರು ಬಗ್ಗಿ ಆ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದರು. ಯಾರೂ ಆ ಪಟ್ಟಿಯ ಮೇಲೆ ಕಾಲಿಡಲಿಲ್ಲ. ಅಷ್ಟು ಜನ ಎರಡೂ ಬದಿಗೆ ನಿಂತು ನೆಲವನ್ನೇ ನೋಡುತ್ತಿದ್ದೆವು.

ಅಲ್ಲಿ ಯಾರೋ, ಸಣ್ಣ ಮುತ್ಯಾನ ಕುತ್ತಿಗೆಗೆ ಏನಾದರೂ ಆಗಿದೆಯೇ ಎಂದು ಕೇಳಿದರು. ಸಣ್ಣ ಆಯಿ ಮೊದಲ ಸಲ ಹೇಳಿದಳು. ಸೊಕ್ಕು ಎಂದವರು ಆ ಗುಂಪಿನಲ್ಲಿ ಇದ್ದರೋ ಇಲ್ಲವೋ ನನಗೆ ತಿಳಿಯದು.

ಸಾವ್ಕಾರರು ಸಣ್ಣ ಮುತ್ಯಾನ ಹತ್ತಿರ ಬಂದು, ನೀವೇ ಹೇಳಿ, ಈಗ ನಾನು ಏನು ಮಾಡಲಿ ಎಂದು ಕೇಳಿದರು. ಕೇಳಿದ ರೀತಿ ನೋಡಿದರೆ, ಇವರು ಒಂದು ಮಾತು ಅಂದಿದ್ದರೆ ಇಂಜಿನ್ ಇವರ ಬಳಿಯೇ ಉಳಿಯುತ್ತಿತ್ತು. ಕನಮಡಿಯವನೂ ಹೂಂ ಎನ್ನಲು ಸಿದ್ಧನಾಗಿಯೇ ನಿಂತಿದ್ದ.

"ಮಾತು ಕೊಟ್ಟೀರಿ" ಎಂದರು ಸಣ್ಣ ಮುತ್ಯಾ. "ಟೈಮ್ ಅವಂದು. ಇಂಜಿನ್ ಅವಂಗಽ ಕೊಡ್ರಿ."

ಆಮೇಲೆ ಶಾಲು ಹೊದಿಸಿಕೊಂಡರು. ಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಕುಳಿತು ಉಳಿದ ಇಂಜಿನ್ನುಗಳನ್ನೂ ನೋಡಿದರು, ಚಲೋ ಹೊಡೆದವರಿಗೆ ಚಪ್ಪಾಳೆ ಹೊಡೆದರು. ಎಲ್ಲ ಮುಗಿದಾಗ ಮೊದಲನೆಯದು ಬೇರೆ ಊರಿನವರ ಪಾಲಾಯಿತು, ಎರಡನೆಯದು ಕನಮಡಿಯವನದು, ಮೂರನೆಯದು ಸಣ್ಣ ಮುತ್ಯಾನದು.

ತಿಕೋಟಾದಲ್ಲಿ ವಾದ ಈಗಲೂ ನಡೆದಿದೆ. ಟೈಮಿನಲ್ಲಿ ಮೂರನೆಯವರು, ಅಷ್ಟೇ ಎನ್ನುವವರು ಇದ್ದಾರೆ. ಅಂಥ ಗೆರೆಯನ್ನು ಇನ್ನಾರು ಹೊಡೆದಿದ್ದಾರೆ ಎನ್ನುವವರೂ ಇದ್ದಾರೆ. ಬಲೆಯ ಆಚೆ ಅವರು ಆಡುತ್ತಾರೆ, ಈಚೆ ನಾವು ಕಡ್ಡಿ ಆರಿಸುತ್ತೇವೆ. ನಿಮ್ಮ ಟಿವಿಯ ಡ್ರೈವರನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಅಣ್ಣ ತೋರಿಸಿದ ಅಂಕಿ ಸುಳ್ಳಿರಲಿಕ್ಕಿಲ್ಲ, ಸಣ್ಣ ಮುತ್ಯಾನೇ ಟೈಮನ್ನು ಸುಳ್ಳು ಎನ್ನಲಿಲ್ಲ. ಆದರೆ ನನ್ನನ್ನು ಕೇಳಿದ್ದೀರಿ, ಹೇಳುತ್ತೇನೆ. ಹರೆಯದಲ್ಲಿ ಅವರು ಕಣ್ಣಿನಿಂದ ಹೊಡೆದು ಗೆದ್ದ ಟವೆಲುಗಳೆಲ್ಲ ನನ್ನ ಪೆಟ್ಟಿಗೆಯಲ್ಲಿವೆ. ಅವು ಬಂದ ದಿನಗಳಲ್ಲಿ ಅವರಿಗೆ ಈ ಗೆರೆ ಹೊಡೆಯಲು ಬರುತ್ತಿರಲಿಲ್ಲ. ಕುತ್ತಿಗೆ ಹೋದ ಮೇಲೆ ಬಂತು. ಹೀಗಿರುವಾಗ ಅವರ ಕಾಲ ಯಾವುದು, ಮುಗಿದದ್ದು ಯಾವುದು ಎಂದು ನನಗೆ ಹೇಳಲು ಬರುವುದಿಲ್ಲ. ಅವರು ಮೊದಲ ಸಾಲಿನಲ್ಲಿ ಇದ್ದಾರೆ ಎಂದು ಮಾತ್ರ ಹೇಳಬಲ್ಲೆ, ಯಾಕೆಂದರೆ ನಾನು ನೋಡಿದ್ದೇನೆ.

ಆ ಸಂಜೆ ಕನಮಡಿಯವನು ಟಂಟಂ ಹಿಡಿಯಲು ನಮ್ಮನ್ನು ಬಿಡಲಿಲ್ಲ. ಅದೇ ಇಂಜಿನ್ನಿನಲ್ಲಿ ತಿಕೋಟಾದವರೆಗೆ ಮುಟ್ಟಿಸಿ ಬರುತ್ತೇನೆ ಎಂದು ಸಾವ್ಕಾರರಿಗೆ ಹೇಳಿ ಬಂದ. ನಾವು ಮೂವರೂ ಡಬ್ಬಿಯಲ್ಲಿ ಹುಲ್ಲಿನ ಮೇಲೆ ಕುಳಿತೆವು. ಸಣ್ಣ ಮುತ್ಯಾ ಡಬ್ಬಿಯಲ್ಲಿ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು. ಬೇರೆಯವರು ಹೊಡೆಯುವ ಗಾಡಿಯಲ್ಲಿ ಅವರಿಗೆ ನೆಮ್ಮದಿಯಿಲ್ಲ, ಬಸ್ಸಿನಲ್ಲಿ ಕೂಡ ಕಾಲಿನಿಂದ ಬ್ರೇಕ್ ಒತ್ತುತ್ತಾ ಕೂಡುವವರು. ಅವತ್ತು ಶಾಲನ್ನು ಮಡಚಿ ಕುತ್ತಿಗೆಯ ಹಿಂದೆ ಇಟ್ಟುಕೊಂಡು, ಡಬ್ಬಿಯ ಹಲಗೆಗೆ ಒರಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು, ಈಗ ಗೇರ್ ಇಳಿಸಿದ, ಈಗ ತಗ್ಗು ತಪ್ಪಿಸಿದ ಎಂದು ಕಣ್ಣು ತೆರೆಯದೆಯೇ ನಮಗೆ ಹೇಳುತ್ತಿದ್ದರು. ತಪ್ಪು ಎಂದೂ ಅನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟಗಳ ಮೇಲೆ ಹೊತ್ತು ಮುಳುಗುತ್ತಿತ್ತು.

ಒಂದು ದೊಡ್ಡ ತಿರುವು ಬಂತು. ಇಂಜಿನ್ ತಿರುಗಿತು, ಡಬ್ಬಿ ತಿರುಗಿತು, ನಮಗೆ ಏನೂ ಕುಲುಕಿದಂತೆ ಆಗಲಿಲ್ಲ. ಇವರೂ ಏನೂ ಹೇಳಲಿಲ್ಲ. ಯಾಕೆ ಸುಮ್ಮನಾದರು ಎಂದು ಸಣ್ಣ ಆಯಿ ಬಗ್ಗಿ ಅವರ ಮುಖ ನೋಡಿದಳು. ನಿದ್ದೆ ಹತ್ತಿತ್ತು.